ಬೇಟೆ ಬಿಲ್ಲಿಗೆ ಆರೋ ರೆಸ್ಟ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಾವು ಅಭ್ಯಾಸ ಮಾಡುವ ಮೈದಾನಕ್ಕೆ ಹೊಸದಾಗಿ ಬರುವವರಲ್ಲಿ ಹಲವರ ಕೈಯಲ್ಲಿ ಇರುವುದು ಸ್ಪರ್ಧೆಗೆಂದೇ ತಯಾರಾದ ಬಿಲ್ಲಲ್ಲ. ವಿದೇಶಗಳಲ್ಲಿ ಬೇಟೆಗಾರರಿಗೆ ಮಾರುವ ಮೋಟು ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು. ಬೆಲೆ ಕಡಿಮೆ, ಸೆಕೆಂಡ್ ಹ್ಯಾಂಡ್ ಆಗಿಯೂ ಸಿಗುತ್ತದೆ ಎಂಬುದು ಅದಕ್ಕೆ ಕಾರಣ. ಬಿಲ್ಲು ಬಂದ ಮೇಲೆ ಅವರು ಕೇಳುವ ಮೊದಲ ಪ್ರಶ್ನೆ ರೆಸ್ಟಿನದು, ಅಂದರೆ ಬಿಲ್ಲಿನ ಮೇಲೆ ಬಾಣ ಕೂರುವ ಆಸರೆಯದು. ರಾಯಚೂರು, ಕೊಪ್ಪಳ ಕಡೆಯಿಂದ ದೂರವಾಣಿಯಲ್ಲಿ ಕೇಳುವವರ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಬೇಟೆ ಬಿಲ್ಲು ಎಂದ ಮೇಲೆ ಅದರಿಂದ ಬೇಟೆಯಾಡಬಹುದೇ?

ಆಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಪ್ರಯತ್ನಿಸುವುದು, ಬಲೆ ಹಾಕುವುದು, ಬೆನ್ನಟ್ಟಿ ಓಡಿಸುವುದು ಕೂಡ ಬೇಟೆಯೇ. ಕೃಷ್ಣಮೃಗದ ಹಿಂಡು ಕಡಲೆ ಹೊಲಕ್ಕೆ ನುಗ್ಗುತ್ತದೆ ಎಂದು ಯಲಬುರ್ಗಾ ಕಡೆಯ ರೈತರೊಬ್ಬರು ಬಿಲ್ಲಿನ ಬಗ್ಗೆ ವಿಚಾರಿಸಿದ್ದರು. ಅವರ ಸಂಕಟ ಸುಳ್ಳಲ್ಲ, ಆದರೆ ಕೃಷ್ಣಮೃಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದು ಬಿಟ್ಟರೆ ಬಿಲ್ಲಿನ ದಾರಿ ಇಲ್ಲ. ಆದ್ದರಿಂದ ಈ ಪುಟದಲ್ಲಿ ಬರುವ ಪ್ರತಿಯೊಂದು ಬಾಣವೂ ಗುರಿಹಲಗೆಗೆ ಹೋಗುವ ಬಾಣ, ಅದರ ತುದಿ ಸಾದಾ ಅಭ್ಯಾಸದ ತುದಿ ಎಂದು ತಿಳಿದು ಓದಬೇಕು.

ರೆಸ್ಟ್ ಮಾಡುವ ಕೆಲಸವಾದರೂ ಏನು?

ಹೆದೆ ಎಳೆಯುವಾಗ ಬಾಣದ ಮುಂಭಾಗಕ್ಕೆ ಆಸರೆಯಾಗುವುದು, ಪ್ರತಿ ಸಲವೂ ಬಾಣವನ್ನು ಅದೇ ಜಾಗದಲ್ಲಿ ಇರಿಸುವುದು, ಬಿಟ್ಟ ಮೇಲೆ ಬಾಣದ ದಾರಿಗೆ ಅಡ್ಡ ಬರದಿರುವುದು. ಮೊದಲ ಎರಡು ಕೆಲಸಗಳನ್ನು ಯಾವ ರೆಸ್ಟಾದರೂ ಮಾಡುತ್ತದೆ. ಬೆಲೆಯ ಅಂತರವೆಲ್ಲ ಇರುವುದು ಮೂರನೆಯದರಲ್ಲಿ. ಹೆದೆ ಬಿಟ್ಟ ಮೇಲೆ ಬಾಣ ಬಿಲ್ಲಿನಲ್ಲಿ ಉಳಿಯುವುದು ಸೆಕೆಂಡಿನ 100ನೇ ಒಂದು ಭಾಗದ ಆಸುಪಾಸು. ಅಷ್ಟರೊಳಗೆ ಹಿಂಬದಿಯ ಗರಿ ಯಾವುದಕ್ಕಾದರೂ ತಾಗಿದರೆ 30 ಮೀಟರಿನಲ್ಲಿ ಅದು ಅಂಗೈ ಅಗಲದ ತಪ್ಪಾಗಿ ಕಾಣಬಹುದು.

2021ರವರೆಗೆ ನಮ್ಮ ಜಿಲ್ಲೆಯದೇ ಆಗಿದ್ದ ಹಂಪಿಯಲ್ಲಿ, ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ಸಾಲುಚಿತ್ರಗಳಿವೆ. ಅಂಥ ಬಿಲ್ಲಿನ ಕಾಲದಲ್ಲಿ ಬಿಲ್ಲು ಹಿಡಿದ ಮುಷ್ಟಿಯೇ ರೆಸ್ಟ್ ಆಗಿತ್ತು. ಕಾಂಪೌಂಡ್ ಬಿಲ್ಲಿನಲ್ಲಿ ಆ ಸಾಹಸ ಬೇಡ: ಬಾಣದ ವೇಗಕ್ಕೆ ಗರಿ ಕೈಯನ್ನು ಸೀಳುತ್ತದೆ.

ಯಾವ ಯಾವ ಬಗೆಯ ರೆಸ್ಟುಗಳು ಸಿಗುತ್ತವೆ?

ಬೇಟೆ ಬಿಲ್ಲಿನ ಮಟ್ಟಿಗೆ ಮೂರನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು ಕುಂಚದ ರೆಸ್ಟ್. ವಿಸ್ಕರ್ ಬಿಸ್ಕಿಟ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಇದೇ. ಬಳೆಯಂಥ ಚೌಕಟ್ಟಿನ ಒಳಗೆ ಸುತ್ತಲೂ ಬಿರುಸಾದ ಎಳೆಗಳು, ನಡುವೆ ಬಾಣದ ದಪ್ಪಕ್ಕೆ ತಕ್ಕ ತೂತು. ಬಾಣ ಅದರೊಳಗೆ ಸೆರೆಯಾಗಿರುತ್ತದೆ. ಬಿಲ್ಲನ್ನು ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಚಲಿಸುವ ಭಾಗವೇ ಇಲ್ಲದಿರುವುದರಿಂದ ಕೆಡುವುದಕ್ಕೂ ಏನೂ ಇಲ್ಲ. ಆದರೆ ಪ್ರತಿ ಬಾಣದ ಗರಿಯೂ ಆ ಎಳೆಗಳನ್ನು ಸೀಳಿಕೊಂಡೇ ಹೋಗಬೇಕಾದ್ದರಿಂದ ವೇಗ ತುಸು ತಗ್ಗುತ್ತದೆ, ಮೆತ್ತಗಿನ ಪ್ಲಾಸ್ಟಿಕ್ ಗರಿಗಳ ಅಂಚು ಕ್ರಮೇಣ ಅಲೆಯಲೆಯಾಗುತ್ತದೆ, ಎಳೆಗಳೂ ಸವೆದು ತೂತು ದೊಡ್ಡದಾಗುತ್ತದೆ. ಹಕ್ಕಿಯ ಗರಿ ಕಟ್ಟಿದ ಬಾಣಕ್ಕೆ ಇದು ಸಲ್ಲದು.

ಎರಡನೆಯದು ಡ್ರಾಪ್ ಅವೇ, ಅಂದರೆ ಬಾಣ ಹೊರಟ ಕೂಡಲೇ ಕೆಳಗೆ ಬೀಳುವ ರೆಸ್ಟ್. ಕವಲಿನ ಆಕಾರದ ಒಂದು ತೋಳು ಬಾಣವನ್ನು ಎತ್ತಿ ಹಿಡಿದಿರುತ್ತದೆ. ಹೆದೆ ಬಿಟ್ಟಾಗ ಅದು ಮಡಚಿಕೊಂಡು ಗರಿಗಳಿಗೆ ದಾರಿ ಬಿಡುತ್ತದೆ. ಬೇಟೆ ಬಿಲ್ಲಿಗೆ ಬರುವ ಮಾದರಿಗಳಲ್ಲಿ ಬಾಣ ಪಕ್ಕಕ್ಕೆ ಜಾರದಂತೆ ತಡೆಯುವ ಕಮಾನೂ ಇರುತ್ತದೆ, ಲೋಹಕ್ಕೆ ಬಾಣ ತಾಗಿ ಟಣ್ ಎನ್ನದಂತೆ ಒಳಗೆ ಮೆತ್ತನೆಯ ಬಟ್ಟೆ ಅಂಟಿಸಿರುತ್ತಾರೆ. ಮರದ ಮೇಲೆ ಗಂಟೆಗಟ್ಟಲೆ ಕಾಯುವ ಅಮೆರಿಕದ ಬೇಟೆಗಾರನಿಗೆ ಆ ಶಬ್ದವೊಂದೇ ಸಾಕು ಜಿಂಕೆ ಓಡಿಹೋಗಲು. ನಮ್ಮ ಗುರಿಹಲಗೆ ಎಲ್ಲಿಗೂ ಓಡುವುದಿಲ್ಲವಾದ್ದರಿಂದ, ಸದ್ದಿಲ್ಲದ ರೆಸ್ಟ್ ಎಂಬ ಜಾಹೀರಾತಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಮೂರನೆಯದು ಬ್ಲೇಡ್ ರೆಸ್ಟ್. ಸ್ಪ್ರಿಂಗ್ ಉಕ್ಕಿನ ತೆಳುವಾದ ಪಟ್ಟಿ, ತುದಿಯಲ್ಲಿ ಹಾವಿನ ನಾಲಗೆಯಂತೆ ಸೀಳು. ಬಾಣ ಆ ಸೀಳಿನ ಮೇಲೆ ಕೂರುತ್ತದೆ. ಪಟ್ಟಿಯ ದಪ್ಪ 0.008, 0.010, 0.012 ಇಂಚು ಹೀಗೆ ಬರುತ್ತದೆ. ಹಗುರ ಬಾಣಕ್ಕೆ ತೆಳುವಾದದ್ದು, ಭಾರದ ಬಾಣಕ್ಕೆ ದಪ್ಪನೆಯದು. ಗುರಿ ಸ್ಪರ್ಧೆಯ ಕಾಂಪೌಂಡ್ ಬಿಲ್ಲುಗಳಲ್ಲಿ ಇದರ ಬಳಕೆ ಬಹಳ. ಆದರೆ ಕೈ ಸ್ವಲ್ಪ ಅಲುಗಿದರೂ ಬಾಣ ಕೆಳಗೆ ಬೀಳುತ್ತದೆ, ಗಾಳಿಯ ದಿನವಂತೂ ಹೊಸಬರಿಗೆ ಅಳು ಬರುವಷ್ಟು ಸಲ ಬೀಳುತ್ತದೆ.

ಡ್ರಾಪ್ ಅವೇ ಕೊಳ್ಳುವುದಾದರೆ ಕೇಬಲ್ಲಿಗೆ ಕಟ್ಟುವುದೋ, ಲಿಂಬಿಗೆ ಕಟ್ಟುವುದೋ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಮತ್ತು ಉತ್ತರ ಸ್ವಲ್ಪ ಉದ್ದವಾಗಲೇಬೇಕು. ಲಿಂಬ್ ಎಂದರೆ ಹೆದೆ ಎಳೆದಾಗ ಬಾಗುವ ಬಿಲ್ಲಿನ ಮೇಲಿನ, ಕೆಳಗಿನ ಪಟ್ಟಿಗಳು; ಕೇಬಲ್ ಎಂದರೆ ಹೆದೆಯಲ್ಲದೆ ಗಾಲಿಗಳಿಗೆ ಕಟ್ಟಿರುವ ಇತರ ಹುರಿಗಳು.

ಕೇಬಲ್ ಮಾದರಿಯಲ್ಲಿ ರೆಸ್ಟಿನಿಂದ ಹೊರಟ ಸಣ್ಣ ದಾರವನ್ನು, ಹೆದೆ ಎಳೆದಾಗ ಕೆಳಮುಖವಾಗಿ ಚಲಿಸುವ ಕೇಬಲ್ಲಿಗೆ ಕಟ್ಟುತ್ತಾರೆ. ನೀವು ಎಳೆದಂತೆ ಕೇಬಲ್ ಇಳಿಯುತ್ತದೆ, ದಾರ ಬಿಗಿಯಾಗುತ್ತದೆ, ತೋಳು ಮೇಲೇಳುತ್ತದೆ. ಎಳೆತದ ಕೊನೆಯ ಅರ್ಧದಿಂದ ಒಂದು ಇಂಚು ಉಳಿದಿರುವಾಗ ತೋಳು ಪೂರ್ತಿ ಎದ್ದು ನಿಲ್ಲುವಂತೆ ದಾರದ ಉದ್ದವನ್ನು ಹೊಂದಿಸಬೇಕು. ಅದಕ್ಕಿಂತ ಬಹಳ ಮೊದಲೇ ಎದ್ದರೆ ದಾರ ಕೇಬಲ್ಲನ್ನು ಜಗ್ಗುತ್ತದೆ, ಬಾಣ ಹೊರಟಾಗ ತೋಳು ತಡವಾಗಿ ಬಿದ್ದು ಗರಿಗೆ ತಾಗುತ್ತದೆ. ಪೂರ್ತಿ ಏಳದಿದ್ದರೆ ಬಾಣದ ಎತ್ತರ ಸಲ ಸಲಕ್ಕೂ ಬೇರೆಯಾಗುತ್ತದೆ.

ಲಿಂಬ್ ಮಾದರಿಯ ತರ್ಕ ಇದಕ್ಕೆ ತಿರುಗಾಮುರುಗ. ಅದರೊಳಗಿನ ಸ್ಪ್ರಿಂಗ್ ತೋಳನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ, ಲಿಂಬಿಗೆ ಕಟ್ಟಿದ ದಾರ ಅದನ್ನು ಕೆಳಗೆ ಹಿಡಿದಿಟ್ಟಿರುತ್ತದೆ. ಹೆದೆ ಎಳೆದು ಲಿಂಬ್ ಬಾಗಿದೊಡನೆ ದಾರ ಸಡಿಲವಾಗಿ ತೋಳು ಎದ್ದುನಿಲ್ಲುತ್ತದೆ. ಬಿಟ್ಟಾಗ ಲಿಂಬ್ ತನ್ನ ಜಾಗಕ್ಕೆ ಮರಳುವ ಕೊನೆಯ ಗಳಿಗೆಯಲ್ಲಿ ತೋಳು ಕೆಳಕ್ಕೆ ಎಳೆಯಲ್ಪಡುತ್ತದೆ. ಬಾಣಕ್ಕೆ ಹೆಚ್ಚು ದೂರ ಆಸರೆ ಸಿಗುತ್ತದೆ, ಹೊಂದಿಸುವುದೂ ಸುಲಭ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಲಿಂಬಿನ ದಾರ ಕಡಿದರೆ ತೋಳು ಮೇಲೆಯೇ ಉಳಿಯುತ್ತದೆ, ಅಂದಿನ ಅಭ್ಯಾಸವನ್ನು ಹೇಗೋ ಮುಗಿಸಬಹುದು, ಸಾದಾ ಕೇಬಲ್ ಮಾದರಿಯ ದಾರ ಕಡಿದರೆ ತೋಳು ಏಳುವುದೇ ಇಲ್ಲ.

ಕೇಬಲ್ ಮಾದರಿಯಲ್ಲಿ ದಾರವನ್ನು ಕೇಬಲ್ಲಿನ ಎಳೆಗಳ ನಡುವೆ ತೂರಿಸಿ ನೂಲಿನಿಂದ ಬಿಗಿಯಾಗಿ ಸುತ್ತುವುದು ಒಂದು ವಿಧಾನ, ಪುಟ್ಟ ಕ್ಲಾಂಪ್ ಹಾಕಿ ತಿರುಪು ಬಿಗಿಯುವುದು ಇನ್ನೊಂದು. ನಾನು ಸೋಮಾರಿತನದಿಂದ ಕ್ಲಾಂಪ್ ಹಾಕಿಕೊಂಡಿದ್ದೆ. ಒಂದು ಏಪ್ರಿಲ್ ಬೆಳಿಗ್ಗೆ 30 ಮೀಟರಿನಲ್ಲಿ ಬಾಣಗಳು ಒಂದೊಂದಾಗಿ ಕೆಳಗಿಳಿಯತೊಡಗಿದವು. ಕೈ ಸೋತಿರಬೇಕು ಎಂದುಕೊಂಡೆ, ಗುರಿ ನೋಡುವ ಸೈಟನ್ನು ಕೆಳಗೆ ಸರಿಸಿದೆ, ಮತ್ತೆ ಸರಿಸಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ನಾನು ಎಳೆದು ಹಿಡಿದಾಗ ಬಗ್ಗಿ ನೋಡಿ, ‘ಸರ್, ಅದು ಪೂರಾ ಏಳವಲ್ದು’ ಎಂದ. ಕ್ಲಾಂಪ್ ಕೇಬಲ್ಲಿನ ಮೇಲೆ 3 ಮಿಲಿಮೀಟರಿನಷ್ಟು ಜಾರಿತ್ತು. ಕೇಬಲ್ಲಿನ ಮೇಣದ ಮೇಲೆ ಅದು ಜಾರಿದ ಗೆರೆ ಬಿಳಿಯಾಗಿ ಕಾಣುತ್ತಿತ್ತು. ಅಂದಿನಿಂದ ನೂಲು ಸುತ್ತುತ್ತೇನೆ, ಮತ್ತು ದಾರ ಕೇಬಲ್ಲನ್ನು ಸೇರುವ ಜಾಗದಲ್ಲಿ ಬಿಳಿ ಶಾಯಿಯ ಒಂದು ಚುಕ್ಕೆ ಇಡುತ್ತೇನೆ. ಚುಕ್ಕೆ ಮತ್ತು ಗಂಟು ಬೇರೆಯಾದರೆ ಏನೋ ಸರಿದಿದೆ ಎಂದು ಅರ್ಥ.

ಎಳೆದ ಹೆದೆಯನ್ನು ಬಾಣ ಬಿಡದೆ ಮೆಲ್ಲಗೆ ಹಿಂದಕ್ಕೆ ತಂದರೆ ರೆಸ್ಟ್ ಬಿದ್ದುಬಿಡುತ್ತದೆಯೇ?

ಹಳೆಯ ಹಾಗೂ ಅಗ್ಗದ ಮಾದರಿಗಳಲ್ಲಿ ಬೀಳುತ್ತದೆ. ಕ್ಯೂಎಡಿಯಂಥ ಕಂಪನಿಗಳ ಮಾದರಿಗಳಲ್ಲಿ ಒಳಗೊಂದು ಕೊಕ್ಕೆ ಇರುವುದರಿಂದ, ನಿಧಾನವಾಗಿ ಇಳಿಸಿದರೆ ತೋಳು ಎದ್ದೇ ಇರುತ್ತದೆ, ಬಾಣ ಬಿಟ್ಟಾಗ ಮಾತ್ರ ಬೀಳುತ್ತದೆ. ಕಲಿಯುವವರು ಹತ್ತು ಸಲ ಎಳೆದರೆ ನಾಲ್ಕು ಸಲ ಮನಸ್ಸು ಬದಲಿಸಿ ಇಳಿಸುವುದುಂಟು, ಅದು ಒಳ್ಳೆಯ ಅಭ್ಯಾಸವೂ ಹೌದು. ಅಂಥವರಿಗೆ ಈ ಕೊಕ್ಕೆಗೆ ಕೊಡುವ ಹಣ ದಂಡವಲ್ಲ.

ಹಾಗಾದರೆ ನಾನು ಯಾವುದನ್ನು ಕೊಳ್ಳಲಿ?

ಮೊದಲ ವರ್ಷ ಕುಂಚದ ರೆಸ್ಟ್ ಸಾಕು ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಗೆಳೆಯರೂ ಇದ್ದಾರೆ. ಮೊದಲ ವರ್ಷದಲ್ಲಿ ಬಾಣ ಅತ್ತಿತ್ತ ಹೋಗುವುದಕ್ಕೆ ಕಾರಣ ಹಿಡಿತ, ಭುಜ, ರಿಲೀಸ್ (ಹೆದೆಯನ್ನು ಹಿಡಿದು ಬಿಡುವ ಕೈಸಾಧನ) ಒತ್ತುವ ಆತುರ. ಆ ತಪ್ಪುಗಳ ಎದುರಿಗೆ ಗರಿ ಎಳೆಗೆ ಉಜ್ಜಿದ್ದರಿಂದ ಆಗುವ ತಪ್ಪು ಲೆಕ್ಕಕ್ಕಿಲ್ಲ. ಬಾಣಗಳು 30 ಮೀಟರಿನಲ್ಲಿ ಒಂದು ತಟ್ಟೆಯ ಅಗಲದೊಳಗೆ ಬೀಳತೊಡಗಿದ ಮೇಲೆ ಡ್ರಾಪ್ ಅವೇಗೆ ಹೋಗಬಹುದು, ಆಗ ಲಿಂಬ್ ಮಾದರಿಯನ್ನು ಮೊದಲು ನೋಡಿ. ಬ್ಲೇಡ್ ರೆಸ್ಟನ್ನು ಸ್ಪರ್ಧೆಗೆ ಇಳಿಯುವವರು ಮಾತ್ರ ಯೋಚಿಸಲಿ. ರೆಸ್ಟಿಗೆ ಸುರಿಯುವ ಹಣವನ್ನು ಒಂದೇ ತೂಕದ ಒಂದು ಡಜನ್ ಒಳ್ಳೆಯ ಬಾಣಗಳಿಗೆ ಹಾಕಿದರೆ ಫಲ ಬೇಗ ಕಾಣುತ್ತದೆ.

ಬೇಟೆ ಬಿಲ್ಲು, ಬೇಟೆ ರೆಸ್ಟ್ ಹಿಡಿದು ಸ್ಪರ್ಧೆಗೆ ಹೋಗಬಹುದೇ?

ಹೋಗಬಹುದು, ಆದರೆ ಮೂರು ಕಡೆ ಎಡವುತ್ತಾರೆ. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಒಕ್ಕೂಟವಾದ ವರ್ಲ್ಡ್ ಆರ್ಚರಿಯ ನಿಯಮದ ಪ್ರಕಾರ ಕಾಂಪೌಂಡ್ ಬಿಲ್ಲಿನ ಗರಿಷ್ಠ ಎಳೆತ 60 ಪೌಂಡ್. ಬೇಟೆ ಬಿಲ್ಲುಗಳಲ್ಲಿ 70 ಪೌಂಡಿನವು ಸಾಮಾನ್ಯ, ಅವನ್ನು ಲಿಂಬಿನ ಬೋಲ್ಟ್ ಸಡಿಲಿಸಿ ಇಳಿಸಬೇಕಾಗುತ್ತದೆ. ರೆಸ್ಟ್ ಯಾವ ಬಗೆಯದಾದರೂ ಆಗಬಹುದು, ಹೊಂದಿಸಿಕೊಳ್ಳುವಂಥದ್ದೂ ಆಗಬಹುದು, ಆದರೆ ವಿದ್ಯುತ್ ಅಥವಾ ಇಲೆಕ್ಟ್ರಾನಿಕ್ ಭಾಗ ಇರಕೂಡದು. ಬಾಣ ಆನುವ ಬಿಂದು ಹಿಡಿಕೆಯ ಗುಳಿಯಿಂದ ಹಿಂದಕ್ಕೆ 6 ಸೆಂಟಿಮೀಟರ್ ಮೀರಬಾರದು. ಮೂರನೆಯದನ್ನು ಯಾರೂ ನಿರೀಕ್ಷಿಸುವುದಿಲ್ಲ: ಎಲೆ, ತೊಗಟೆ ಚಿತ್ರದ ಮರೆಮಾಚುವ ಬಣ್ಣ ಇರುವ ಸಲಕರಣೆ ಸ್ಪರ್ಧೆಯಲ್ಲಿ ನಿಷಿದ್ಧ. ಬೇಟೆ ಬಿಲ್ಲುಗಳಲ್ಲಿ ಬಹಳಷ್ಟು ಅದೇ ಬಣ್ಣದಲ್ಲಿ ಬರುತ್ತವೆ, ರೆಸ್ಟುಗಳೂ ಕೆಲವು ಹಾಗೆಯೇ. ಕಪ್ಪು ಬಣ್ಣದ್ದನ್ನು ಕೊಂಡರೆ ಈ ತಲೆನೋವು ಇಲ್ಲ.

ಕಾಂಪೌಂಡಿಗೆ ನಮ್ಮಲ್ಲಿ ಈಗ ಇರುವ ಉತ್ಸಾಹಕ್ಕೆ ಕಾರಣವಿಲ್ಲದಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಿದ್ದಾರೆ.

ನನ್ನ ಬಿಲ್ಲಿಗೆ ಇದು ಕೂರುತ್ತದೆ ಎಂದು ಹೇಗೆ ತಿಳಿಯಲಿ?

ಬಿಲ್ಲಿನ ರೈಸರಿನಲ್ಲಿ, ಅಂದರೆ ಹಿಡಿಕೆಯಿರುವ ನಡುವಿನ ಗಟ್ಟಿ ಭಾಗದಲ್ಲಿ, ಹಿಡಿಕೆಯ ಮೇಲ್ಗಡೆ ಒಂದು ತಿರುಪಿನ ತೂತು ಇರುತ್ತದೆ, ಅದಕ್ಕೆ ಬರ್ಗರ್ ಹೋಲ್ ಎನ್ನುತ್ತಾರೆ. ಅದರ ಅಳತೆ ಬಹುತೇಕ ಎಲ್ಲ ಕಂಪನಿಗಳಲ್ಲೂ ಒಂದೇ: ವ್ಯಾಸ 5/16 ಇಂಚು, ಇಂಚಿಗೆ 24 ಸುತ್ತು. ಈಚಿನ ಕೆಲವು ಬಿಲ್ಲುಗಳಲ್ಲಿ ಇದರ ಜೊತೆಗೆ ರೈಸರಿನ ಹಿಂಬದಿಯಲ್ಲಿ ಹಳಿಯಂತೆ ಕೊರೆದ ಜೋಡಣೆಯೂ ಇರುತ್ತದೆ. ಅದಕ್ಕೆಂದೇ ಮಾಡಿದ ರೆಸ್ಟ್ ಹಳೆಯ ಬಿಲ್ಲಿಗೆ ಕೂರುವುದಿಲ್ಲ. ಇನ್ನು ಎಡಗೈ, ಬಲಗೈ ಎಂಬುದನ್ನು ಓದದೆ ತರಿಸಿಕೊಂಡು ವಾಪಸು ಕಳಿಸಿದವರಲ್ಲಿ ಈ ಲೇಖಕನೂ ಒಬ್ಬ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಬೇಕಾದದ್ದು ಬಲಗೈ ರೆಸ್ಟ್, ಬಿಲ್ಲು ಹಿಡಿಯುವ ಕೈ ಯಾವುದೆಂಬುದು ಲೆಕ್ಕಕ್ಕಿಲ್ಲ.

ಬಿಗಿಯುವಾಗ ತೋಳ್ಬಲ ತೋರಿಸಬೇಡಿ. ರೈಸರ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಸುತ್ತು ಹರಿದರೆ ನಷ್ಟ ರೆಸ್ಟಿನದಲ್ಲ, ಬಿಲ್ಲಿನದು.

ಕೂರಿಸಿದ ಮೇಲೆ ಸರಿಯಿದೆ ಎಂದು ಪರೀಕ್ಷಿಸುವುದು ಹೇಗೆ?

ಮೇಲಿನಿಂದ ನೋಡಿದಾಗ ಬಾಣದ ನಡುಗೆರೆ ರೈಸರಿನಿಂದ ಸುಮಾರು 13/16 ಇಂಚು ದೂರದಲ್ಲಿರಲಿ, ಬದಿಯಿಂದ ನೋಡಿದಾಗ ಬಾಣ ಬರ್ಗರ್ ಹೋಲಿನ ನಡುವೆ ಹಾದು ಹೆದೆಗೆ ಲಂಬವಾಗಿರಲಿ. ಆರಂಭಕ್ಕೆ ಇಷ್ಟು ಸಾಕು. ನಿಮ್ಮ ಬಿಲ್ಲಿನ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ. ಆಮೇಲೆ ಕಾಗದದ ಪರೀಕ್ಷೆ. ಹಳೆಯ ಕಿಟಕಿಯ ಚೌಕಟ್ಟಿಗೆ ದಿನಪತ್ರಿಕೆಯ ಹಾಳೆಯನ್ನು ಬಿಗಿಯಾಗಿ ಅಂಟಿಸಿ, ಸುಮಾರು ಎರಡು ಮೀಟರ್ ದೂರದಿಂದ ಅದರ ಮೂಲಕ ಬಾಣ ಬಿಡಬೇಕು; ಹಾಳೆಯ ಹಿಂದೆ ಬಾಣ ತಡೆಯುವ ದಪ್ಪ ಗುರಿ ಇರಲೇಬೇಕು. ತುದಿ ಹೊಕ್ಕ ತೂತಿನ ಸುತ್ತಲೇ ಗರಿಗಳ ಗುರುತು ಬಿದ್ದರೆ ಬಾಣ ನೆಟ್ಟಗೆ ಹೋಗುತ್ತಿದೆ. ಬಾಲ ಮೇಲಕ್ಕೆ ಹರಿದಿದ್ದರೆ ರೆಸ್ಟನ್ನು ತುಸು ಏರಿಸಿ ಅಥವಾ ಡಿ ಲೂಪನ್ನು (ಹೆದೆಗೆ ಕಟ್ಟಿದ, ರಿಲೀಸ್ ಸಿಕ್ಕಿಸುವ ಕುಣಿಕೆ) ತುಸು ಇಳಿಸಿ. ಕೆಳಕ್ಕೆ ಹರಿದಿದ್ದರೆ ಇದರ ವಿರುದ್ಧ. ಒಂದು ಸಲಕ್ಕೆ 1/32 ಇಂಚಿಗಿಂತ ಹೆಚ್ಚು ಸರಿಸಬೇಡಿ, ಪ್ರತಿ ಸಲವೂ ಮೂರು ಬಾಣ ಬಿಟ್ಟು ನೋಡಿ. ಎಡಕ್ಕೋ ಬಲಕ್ಕೋ ಹರಿಯುತ್ತಿದ್ದರೆ ಮೊದಲು ಹಿಡಿತವನ್ನು ನೋಡಿಕೊಳ್ಳಿ. ಬಿಲ್ಲನ್ನು ಮುಷ್ಟಿಯಿಂದ ಹಿಂಡಿ ತಿರುಚುವ ಕೈಗೆ ಯಾವ ರೆಸ್ಟೂ ಮದ್ದಲ್ಲ.

ಏರಿಸಿದರೂ ಇಳಿಸಿದರೂ ಬಾಲ ಮೇಲಕ್ಕೇ ಹರಿಯುತ್ತದೆ. ಏನು ಮಾಡಲಿ?

ಗರಿ ರೆಸ್ಟಿಗೆ ತಾಗುತ್ತಿದೆ ಎಂಬ ಅನುಮಾನ ಮೂಡಬೇಕು. ರೆಸ್ಟಿನ ತೋಳಿಗೆ ತುಟಿಗೆ ಹಚ್ಚುವ ಬಣ್ಣವನ್ನು ತೆಳುವಾಗಿ ಬಳಿದು ಒಂದು ಬಾಣ ಬಿಡಿ; ಗರಿಯ ಮೇಲೆ ಕೆಂಪು ಗೆರೆ ಬಂದಿದ್ದರೆ ಅನುಮಾನ ನಿಜ. ಲಿಪ್‌ಸ್ಟಿಕ್ ಕೇಳಲು ಸಂಕೋಚವಾದರೆ ಟಾಲ್ಕಂ ಪೌಡರ್ ಉದುರಿಸಿ, ತೋಳಿನ ಮೇಲೆ ಎಲ್ಲಿ ಪೌಡರ್ ಒರೆಸಿಹೋಗಿದೆ ಎಂದು ನೋಡಿ. ತಾಗುತ್ತಿದ್ದರೆ ನಾಕನ್ನು (ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಕಚ್ಚು) ಸ್ವಲ್ಪ ತಿರುಗಿಸಿ ಗರಿಯ ದಿಕ್ಕು ಬದಲಿಸಬಹುದು, ಇಲ್ಲವೇ ದಾರದ ಉದ್ದ ಸರಿಪಡಿಸಿ ತೋಳು ಬೇಗ ಬೀಳುವಂತೆ ಮಾಡಬಹುದು.

ನಮ್ಮ ಕಡೆಯ ಧೂಳು, ಬಿಸಿಲಿಗೆ ಯಾವ ರೆಸ್ಟ್ ಬಾಳುತ್ತದೆ?

ರೆಸ್ಟಿನ ಪುಸ್ತಿಕೆಗಳಲ್ಲಿ ಮಳೆಯ ಬಗ್ಗೆ, ಹಿಮದ ಬಗ್ಗೆ ಬರೆದಿರುತ್ತಾರೆ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳನ್ನಾಗಲಿ, ರಾಯಚೂರಿನ ಶಕ್ತಿನಗರದ ಹಾರುಬೂದಿಯನ್ನಾಗಲಿ ಅವರು ಕಂಡಿಲ್ಲ. ಈ ಧೂಳು ಟಾಲ್ಕಂನಷ್ಟು ನಯ. ಡ್ರಾಪ್ ಅವೇಯ ಕೀಲಿನಲ್ಲಿ ಒಂದು ತೊಟ್ಟು ಎಣ್ಣೆ ಇದ್ದರೆ ಅದರೊಡನೆ ಕಲೆತು ಅರೆಯುವ ಹಿಟ್ಟಾಗುತ್ತದೆ. ತೋಳು ನಿಧಾನವಾಗುತ್ತದೆ, ಕಣ್ಣಿಗೆ ಕಾಣದಷ್ಟು ನಿಧಾನ, ಗರಿಗೆ ತಾಗಲು ಸಾಕಾಗುವಷ್ಟು ನಿಧಾನ. ಎಣ್ಣೆ ಬಿಡಬೇಡಿ. ಒಣಗಿದ ಹಲ್ಲುಜ್ಜುವ ಬ್ರಷ್ಷಿನಿಂದ ವಾರಕ್ಕೊಮ್ಮೆ ಗುಡಿಸಿ, ಬೆರಳಿನಿಂದ ತೋಳನ್ನು ಎತ್ತಿಬಿಟ್ಟು ಚಕ್ಕನೆ ಬೀಳುತ್ತದೆಯೇ ನೋಡಿ. ಒಳಗಿನ ಮೆತ್ತನೆಯ ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಅದು ಮರಳುಕಾಗದದಂತೆ ಕಾರ್ಬನ್ ಬಾಣವನ್ನು ತಿಕ್ಕುತ್ತಿರುತ್ತದೆ; ಕಿತ್ತು ಹೊಸದು ಅಂಟಿಸಿ.

ಬಿಸಿಲಿನ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ, ಮುಚ್ಚಿದ ಕಾರಿನೊಳಗೆ ಅದಕ್ಕಿಂತ ಬಹಳ ಹೆಚ್ಚು. ಆ ಕಾವಿಗೆ ಅಂಟು ಕರಗುತ್ತದೆ, ಹೆದೆಯ ಮೇಣ ಕರಗುತ್ತದೆ, ಕೇಬಲ್ ತುಸು ಹಿಗ್ಗಿದರೂ ರೆಸ್ಟಿನ ಹೊಂದಾಣಿಕೆ ತಪ್ಪುತ್ತದೆ. ಬಿಲ್ಲನ್ನು ಕಾರಿನಲ್ಲಿ ಬಿಡಲೇಬಾರದು.

ರಿಕರ್ವ್ ಬೇಟೆ ಬಿಲ್ಲಿಗೂ ಇವೇ ರೆಸ್ಟ್ ಆಗುತ್ತವೆಯೇ?

ಇಲ್ಲ. ರಿಕರ್ವ್ ಎಂದರೆ ಗಾಲಿಗಳಿಲ್ಲದ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಅದರಲ್ಲಿ ಬೆರಳಿನಿಂದ ಹೆದೆ ಬಿಡುವಾಗ ಬಾಣ ಪಕ್ಕಕ್ಕೆ ಬಾಗಿ ಬಳುಕುತ್ತದೆ, ಅದಕ್ಕೆ ಬದಿಯ ಆಸರೆ ಬೇಕು. ಅಂಟಿಸುವ ಸಣ್ಣ ರೆಸ್ಟ್, ಅದರ ಜೊತೆಗೆ ಸ್ಪ್ರಿಂಗ್ ಇರುವ ಪ್ಲಂಜರ್ ಗುಂಡಿ ಸರಿಯಾದದ್ದು. ಹಕ್ಕಿಯ ಗರಿಯ ಬಾಣವಾದರೆ ರೈಸರಿನ ತಟ್ಟಿನ ಮೇಲೆ ಒಂದು ತುಂಡು ಕಂಬಳಿ, ಬದಿಗೆ ಒಂದು ತುಂಡು ಚರ್ಮ ಅಂಟಿಸಿ ನೇರವಾಗಿ ಅಲ್ಲಿಂದಲೇ ಬಿಡಬಹುದು. ಹಕ್ಕಿಯ ಗರಿ ಮಡಚಿಕೊಂಡು ಹಾದುಹೋಗುತ್ತದೆ, ಪ್ಲಾಸ್ಟಿಕ್ ಗರಿ ಪುಟಿದು ಬಾಣವನ್ನು ಓರೆ ಮಾಡುತ್ತದೆ.

ಬಳಸಿದ ರೆಸ್ಟನ್ನು ಕೊಳ್ಳಬಹುದೇ?

ಕೊಳ್ಳಬಹುದು, ಕೈಯಲ್ಲಿ ಹಿಡಿದು ನೋಡಿದ ಮೇಲೆ. ಕುಂಚದ ರೆಸ್ಟಾದರೆ ನಿಮ್ಮ ಬಾಣವನ್ನು ತೂರಿಸಿ ಅಲ್ಲಾಡಿಸಿ. ಕೆಳಗಿನ ಎಳೆಗಳು ಬಾಗಿ ಬಾಣ ತಗ್ಗಿ ಕೂತರೆ ಬೇಡ. ಡ್ರಾಪ್ ಅವೇಯಾದರೆ ತೋಳನ್ನು ಎತ್ತಿ ಹಿಡಿದು ಎಡಬಲಕ್ಕೆ ಜಗ್ಗಿ. ಕೂದಲೆಳೆಯಷ್ಟು ಆಡಿದರೂ ಕೀಲು ಸವೆದಿದೆ. ದಾರ ಎಷ್ಟು ಚೆನ್ನಾಗಿ ಕಂಡರೂ ಹೊಸದು ಹಾಕಿಸಿ, ಮತ್ತು ಹೊಸ ದಾರ ಮೊದಲ ಕೆಲವು ದಿನ ಹಿಗ್ಗುವುದರಿಂದ ಆ ವಾರ ದಿನವೂ ಚುಕ್ಕೆಯನ್ನು ನೋಡಿಕೊಳ್ಳಿ. ಬ್ಲೇಡ್ ರೆಸ್ಟಾದರೆ ಪಟ್ಟಿಯನ್ನು ಎಸೆದು ಹೊಸ ಪಟ್ಟಿ ಹಾಕಿ. ಬಾಗಿ ಬಾಗಿ ದಣಿದ ಪಟ್ಟಿ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ. ಕೊನೆಯದಾಗಿ ನಿಮ್ಮ ಬಾಣದ ಉದ್ದ: ಎಳೆದು ಹಿಡಿದಾಗ ಬಾಣದ ಕೊಳವೆ ರೆಸ್ಟಿನಿಂದ ಮುಂದಕ್ಕೆ ಕನಿಷ್ಠ ಒಂದು ಇಂಚು, ಕಲಿಯುವವರಿಗೆ ಎರಡು ಇಂಚು ಚಾಚಿರಬೇಕು. ಹಳೆಯ ರೆಸ್ಟಿನ ಜಾಗಕ್ಕೂ ಹೊಸದರ ಜಾಗಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ ಬರುವುದುಂಟು. ಬಾಣ ಗಿಡ್ಡವಾಗಿ ರೆಸ್ಟಿನ ಹಿಂದಕ್ಕೆ ಜಾರಿದರೆ ಅದು ಹೋಗಿ ನಾಟುವುದು ಬಿಲ್ಲು ಹಿಡಿದ ನಿಮ್ಮ ಕೈಗೆ.